ಏರಿನಲ್ಲಿ ನಿಂತ ಜಗದಾಂಬಾ ಬಸ್ಸಿಗೆ

ಬಳೇಪೇಟೆ, ಬೆಂಗಳೂರು
ಕಾರ್ತಿಕ ಮಾಸ, ೧೯೪೩

ಮಧುಗಿರಿ, ಕೊರಟಗೆರೆ, ಹೊಳವನಹಳ್ಳಿ ಮಾರ್ಗದ ಸಮಸ್ತ ಏರುಗಳಲ್ಲಿ ವಿಶ್ರಾಂತಿ ಪಡೆಯುವವರೂ, ಇಳಿಜಾರುಗಳಲ್ಲಿ ಮಾತ್ರ ಮಹಾವೇಗಶಾಲಿಗಳೂ, ನಮ್ಮ ಮನೆಯ ಮೂರನೆಯ ಸಂತಾನವೂ ಆದ ಶ್ರೀ ಜಗದಾಂಬಾ ಮೋಟಾರ್ ಸರ್ವಿಸ್ ಬಸ್ಸಿನವರ ಸನ್ನಿಧಿಗೆ, ಎರಡನೆಯ ಸಂತಾನವಾದ ಮರುಳಸಿದ್ದಯ್ಯನ ಅನಂತ ನಮಸ್ಕಾರಗಳು.

ಮಾನ್ಯರೇ,

ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ, ಬೆನ್ನಿಗೊಂದು ಒಲೆ ಕಟ್ಟಿಕೊಂಡು, ಇದ್ದಿಲು ತಿಂದು ಅದರ ಗ್ಯಾಸಿನಲ್ಲಿ ಓಡುತ್ತಿರುವ ತಮ್ಮ ಆರೋಗ್ಯ ಹೇಗಿದೆಯೋ ಎಂದು ನನಗೆ ಸದಾ ಚಿಂತೆ. ಈ ಚಿಂತೆಯನ್ನು ಅಪ್ಪ ಚನ್ನಮಲ್ಲಯ್ಯನವರಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಪ್ಪನವರಿಗೆ ಅಕ್ಷರ ಬಾರದು. ನನ್ನ ಕಾಗದಗಳನ್ನು ಅವರಿಗೆ ಓದಿ ಹೇಳುವವನು ತಮ್ಮ ಮಾಲೀಕನೂ ಡ್ರೈವರೂ ನನ್ನ ಅಣ್ಣನೂ ಆದ ಶಂಕರಲಿಂಗಪ್ಪ. ನಾನು ಮೂರು ಪುಟ ತೋಡಿಕೊಂಡರೂ ಅವನು "ತಮ್ಮ ಚೆಂದಾಗವ್ನಂತೆ ಕಣಪ್ಪ, ಎಲ್ಲಾರ್ನೂ ಕೇಳವ್ನೆ" ಎಂದು ಒಂದೇ ಉಸಿರಿಗೆ ಮುಗಿಸಿ ಕಾಗದ ಮಡಚುತ್ತಾನಂತೆ. ಆದ್ದರಿಂದ ಈ ಸಲ ತಮಗೇ ಬರೆದು, ಮಧುಗಿರಿಯಲ್ಲಿ ತಾವು ನಿಲ್ಲುವ ಜಾಗದ ಗೋಡೆಗೆ ಅಂಟಿಸಲು ಏರ್ಪಾಡು ಮಾಡಿದ್ದೇನೆ. ಓದಲು ತಮಗೂ ತಮ್ಮ ಪ್ರಯಾಣಿಕರಿಗೂ ಅಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ.

ತಾವು ಹುಟ್ಟುವ ಮೊದಲಿನ ಸಂಗತಿ ತಮಗೆ ತಿಳಿಯದು. ಅಣ್ಣ ಮೊದಲು ಜವಳಿ ಅಂಗಡಿ ಇಟ್ಟ, ಅದು ಮುಚ್ಚಿತು. ಅಪ್ಪ ಬೆಲ್ಲದ ಮಂಡಿ ಇಟ್ಟುಕೊಟ್ಟರು, ಅದು ಕರಗಿತು. ಕೊನೆಗೆ ಕೆರೆ ಕೆಳಗಿನ ಗದ್ದೆ ಮಾರಿ ತಮ್ಮನ್ನು ತಂದು, ತಮ್ಮ ಹಣೆಗೆ ನಮ್ಮವ್ವನ ಹೆಸರು ಬರೆಸಿದರು. ನಾನು ಬೆಂಗಳೂರಿಗೆ ಹೊರಟ ದಿನ ನನಗೆ ಕೊಟ್ಟದ್ದು ಒಂದು ವಿಭೂತಿ ಗಟ್ಟಿ, ಒಂದು ಗಂಟು ಹುರಿಗಾಳು ಮತ್ತು ಈ ಮಾತು: "ನಿಂಗೇನ್ಲಾ, ತೋಳಾಗೆ ಕಸುವೈತೆ, ಎಲ್ಲಿ ಹೋದ್ರೂ ಬದುಕ್ಕೋತೀಯ. ಅವನು ಪಾಪ, ಅವನ ಕೈಲಿ ಏನೂ ಆಗಕ್ಕಿಲ್ಲ." ಗಿರಣಿ, ಅಚ್ಚುಕೂಟ, ಸೋಡಾ ಕಾರ್ಖಾನೆ ಎಂದು ನಾನು ವರ್ಷಕ್ಕೊಂದು ಕೆಲಸ ಬದಲಿಸಿದಾಗ ಅವ್ವ "ನಿನ್ನ ಕಾಲಾಗೆ ಚಕ್ರ ಐತೆ ಕಣಪ್ಪ" ಎಂದು ನಕ್ಕಳು. ಇರಬಹುದು. ಆದರೆ ನನ್ನ ಚಕ್ರಗಳಿಗೆ ಮನೆಯಿಂದ ಯಾರೂ ಗಾಳಿ ಹೊಡೆಸಿದ್ದಿಲ್ಲ.

ನನ್ನ ಪಾಲಿಗೂ ಒಂದು ಆಸ್ತಿ ಇತ್ತೆಂಬುದನ್ನು ಮರೆಮಾಚಲಾರೆ. ಬಾವಿಯ ದಡದ ಎರಡು ಹುಣಸೆ ಮರಗಳು ಚಿಕ್ಕವನಿಗೆ ಎಂದು ಅಜ್ಜಿ ಕಣ್ಣು ಮುಚ್ಚುವ ಮೊದಲು ಮನೆಮಂದಿಯ ಎದುರು ಹೇಳಿದ್ದಳು. ಈಗ ನಾನು ದುಡಿಯುವ ಸೈಕಲ್ ಅಂಗಡಿಯ ಬಸವಲಿಂಗಯ್ಯನವರು, ಸಂಕ್ರಾಂತಿಯೊಳಗೆ ಬಂಡವಾಳ ತಂದರೆ ಅಂಗಡಿಯಲ್ಲಿ ಅರ್ಧ ಪಾಲು ಕೊಡುತ್ತೇನೆಂದರು. ಆ ಮರಗಳ ಬೊಡ್ಡೆಯನ್ನು ಗಾಣ ಮಾಡುವವರಿಗೆ ಮಾರಿದರೆ ಸಾಕಿತ್ತು. ಒಬ್ಬರ ಕೈಕೆಳಗಿನ ದುಡಿಮೆ ನನಗೆ ಅಲ್ಲಿಗೆ ಮುಗಿಯುತ್ತಿತ್ತು. ಇದನ್ನೇ ಹೇಳಲು ಕಳೆದ ತಿಂಗಳು ಬಂದು, ಕೊರಟಗೆರೆಯಲ್ಲಿ ಟಿಕೆಟ್ಟು ಕೊಂಡು ತಮ್ಮನ್ನು ಏರಿದೆ.

ಮಧುಗಿರಿಯ ಈಚೆಯ ಏರಿನಲ್ಲಿ ತಾವು ಎಂದಿನಂತೆ ಧ್ಯಾನಸ್ಥರಾದಿರಿ. ಅಣ್ಣ ಸ್ಟೀರಿಂಗ್ ಹಿಡಿದಿದ್ದ. ಸಂತೆ ಮುಗಿಸಿ ಬರುತ್ತಿದ್ದ ಅಪ್ಪ ಮುಂದಿನ ಸೀಟಿನಲ್ಲಿದ್ದರು. ನಾವೆಲ್ಲ ಇಳಿದು ಹೆಗಲು ಕೊಟ್ಟೆವು. ಅಪ್ಪ ಕಿಟಕಿಯಿಂದ ತಲೆ ಹಾಕಿ, "ಹಂಗೇ ತಳ್ಳಲಾ, ಕಸುವಿರೋನು ನೀನು!" ಎಂದು ಊರಿಗೆಲ್ಲ ಕೇಳುವಂತೆ ಹೊಗಳಿದರು, ಐದು ವರ್ಷದಲ್ಲಿ ಮನೆಯಿಂದ ನನಗೆ ಸಂದ ಧನಸಹಾಯ ಅಷ್ಟೇ. ಆಗ ತಮ್ಮ ಕ್ಲೀನರು ಗಂಗಹನುಮಯ್ಯ ಒಲೆಯ ಫ್ಯಾನು ತಿರುಗಿಸುತ್ತ, ನನ್ನನ್ನು ಸಮಾಧಾನಪಡಿಸಲೆಂದೇ, "ಈಗ ಕಾವು ಬತ್ತದೆ ಸಣ್ಣೆಜಮಾನ್ರೇ, ಸುಮ್ಕೆ ಇದ್ದಿಲಲ್ಲ ಇದು, ನಿಮ್ಮ ಬಾವಿ ತಾವಿನ ಹುಣಸೆ. ಎಲ್ಡು ಮರಾನೂ ಕಡ್ಸಿ ಸುಡ್ಸವ್ರೆ" ಎಂದ.

ನನ್ನ ಅರ್ಧ ಅಂಗಡಿ ತಮ್ಮ ಹೊಟ್ಟೆಯಲ್ಲಿತ್ತು. ನಾನು ಹಿಂದಿನಿಂದ ತಳ್ಳುತ್ತಿದ್ದೆ.

ಮನೆಗೆ ಹೋಗಿ ಕೇಳಿದರೆ ಅಪ್ಪ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡರು. ಉತ್ತರಿಸಿದ್ದು ಅವ್ವ: "ಸುಮ್ಕಿರಪ್ಪ. ಬಸ್ಸು ನಿಂತೋದ್ರೆ ಊರಾಗೆ ಮಾನ ಹೋಯ್ತದೆ. ನೀನು ನಿಂತೋದ್ರೆ ಯಾರಿಗ್ ಗೊತ್ತಾಯ್ತದೆ, ದೂರದಾಗಿದ್ದೀಯ."

ಇದಕ್ಕಿಂತ ನ್ಯಾಯವಾದ ಮಾತನ್ನು ನಾನು ಕೇಳಿಲ್ಲ. ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆ: ಸರಿಯಾದ ಜಾಗದಲ್ಲಿ, ಸರಿಯಾದ ಜನರ ಎದುರು ಕೆಮ್ಮಿ ನಿಂತುಬಿಡುವ ವಿದ್ಯೆಯನ್ನು ನನಗೂ ಕಲಿಸಬೇಕು. ನಾನು ಇಲ್ಲಿಯವರೆಗೆ ಓಡುತ್ತಲೇ ಇದ್ದೆ, ಅದೇ ತಪ್ಪಾಯಿತು. ಓಡುವವನ ಹಿಂದೆ ಯಾರು ಕೈ ಹಚ್ಚುತ್ತಾರೆ? ಇಲ್ಲವೇ, ತಮ್ಮ ಪಕ್ಕದ ಜಾಗದಲ್ಲಿ ನನ್ನನ್ನೂ ಒಂದು ವಾರ ನಿಲ್ಲಿಸಿಕೊಂಡು, ನನ್ನ ಹಣೆಗೂ ಒಂದು ಬೋರ್ಡು ಕಟ್ಟಿಸಿ, ನಾನೂ ಬಸ್ಸೇ ಎಂದು ಅಪ್ಪನವರಿಗೆ ಶಿಫಾರಸು ಮಾಡಬೇಕು. ಇದಾವುದೂ ಆಗದಿದ್ದರೆ, ಒಲೆ ಬಳಿದಾಗ ಒಂದು ಹಿಡಿ ಬೂದಿಯನ್ನು ಗಂಗಹನುಮಯ್ಯನ ಕೈಲಿ ಕಳಿಸಿಕೊಡಿ. ಅಪ್ಪ ಕೊಟ್ಟ ವಿಭೂತಿ ಗಟ್ಟಿ ಸವೆದುಹೋಗಿದೆ. ನನ್ನ ಪಾಲಿನ ಆಸ್ತಿಯನ್ನು ದಿನಾ ಹಣೆಗೆ ಹಚ್ಚಿಕೊಂಡಂತಾದರೂ ಆಗಲಿ.

ತಮ್ಮನ್ನು ಹಿಂಬದಿಯಿಂದ ಚೆನ್ನಾಗಿ ಬಲ್ಲ
ತಮ್ಮ ವಿಶ್ವಾಸಿ,
ಮರುಳಸಿದ್ದಯ್ಯ

ಮರೆತ ಮಾತು: ಇಂದು ಅಪ್ಪನವರ ಕಾರ್ಡು ಬಂತು, ಅಕ್ಷರ ಅಣ್ಣನದು. ತಮ್ಮದೊಂದು ಟೈರು ಸವೆದು ಇಂದೋ ನಾಳೆಯೋ ಎನ್ನುವಂತಿದೆಯಂತೆ. ಬೆಂಗಳೂರಿನಲ್ಲಿದ್ದೀಯಲ್ಲ, ಹೇಗಾದರೂ ಒಂದು ಹುಡುಕು ಎಂದಿದ್ದಾರೆ. ಹುಡುಕಿಟ್ಟಿದ್ದೇನೆ. ಆದರೆ ಅಪ್ಪನವರೇ ಬಂದು ಅದನ್ನು ಒಯ್ಯಬೇಕು, ಕೊರಟಗೆರೆಯಿಂದ ತಮ್ಮಲ್ಲೇ ಕೂತು ಹೋಗಬೇಕು. ಆ ಏರಿನಲ್ಲಿ ತಾವು ನಿಂತಾಗ ಅವರ ಒಬ್ಬ ಮಗ ಸ್ಟೀರಿಂಗಿನಲ್ಲಿರುತ್ತಾನೆ, ಇನ್ನೊಬ್ಬ ಬೆಂಗಳೂರಿನಲ್ಲಿರುತ್ತಾನೆ. ಇಳಿದು ತಳ್ಳುವವರು ಯಾರೆಂದು ಅವರೇ ಲೆಕ್ಕ ಹಾಕಿಕೊಳ್ಳಲಿ.