ನಮ್ಮತ್ತೆಯ ಲೈಟು

ನಮ್ಮ ಸೋದರತ್ತೆಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನಂತೂ ಜಗಳಕ್ಕೆ ನಿಲ್ಲುತ್ತೇನೆ. ಬರುತ್ತದೆ ಸ್ವಾಮಿ! ಒಂದೇ ಒಂದು ಪದ ಬರುತ್ತದೆ. ದಟ್ಟಗಳ್ಳಿಯ ಸಂಸಾರವನ್ನು ಅವರು ಇಷ್ಟು ವರ್ಷ ನಡೆಸಿರುವುದೇ ಆ ಒಂದು ಪದದ ಮೇಲೆ. ಅದು 'ಲೈಟು'.

ನಮಗೆಲ್ಲ ಲೈಟು ಎಂದರೆ ಗೋಡೆಯ ಮೇಲಿನ ದೀಪ, ಹೆಚ್ಚೆಂದರೆ ತಿಂಗಳಿಗೊಮ್ಮೆ ಬರುವ ಬಿಲ್ಲು. ಅತ್ತೆಗೆ ಅಷ್ಟಕ್ಕೇ ಮುಗಿಯುತ್ತದೆಯೇ? ಕಾಫಿಗೆ ಡಿಕಾಕ್ಷನ್ ಕಮ್ಮಿಯಾದರೆ ಲೈಟು. ಮಂಡಿ ಮಡಿಸಲಾಗದಿದ್ದರೆ 'ಲೈಟಾಗಿ ಹಿಡ್ಕೊಂಡಿದೆ'. ಪಕ್ಕದ ಮನೆಯ ಗಂಡ ಹೆಂಡತಿ ಪಾತ್ರೆ ಎಸೆದಾಡಿಕೊಂಡರೂ 'ಲೈಟಾಗಿ ಮಾತು ಬಂದಿದೆ'. ಭೂಮಿ ಬಿರಿದರೂ ಅತ್ತೆಯ ಬಾಯಲ್ಲಿ ಲೈಟೇ!

ಒಂದು ಮದುವೆಯಲ್ಲಿ ಒಬ್ಬಟ್ಟು ಬಡಿಸುವವನಿಗೆ "ಲೈಟಾಗಿ ಹಾಕಪ್ಪ" ಅಂದರು. ಅವನು ಅರ್ಧ ಮುರಿದು ಹಾಕಿದ. ಅತ್ತೆ ಎಲೆಯಿಂದ ತಲೆಯೆತ್ತಿ ಅವನನ್ನೇ ನೋಡಿದರು.

"ಇದೇನಪ್ಪ ಇದು?"

"ನೀವೇ ಲೈಟಾಗಿ ಅಂದ್ರಲ್ಲಮ್ಮ."

"ಲೈಟಾಗಿ ಅಂದ್ರೆ ಹೂವಿನ ಥರ ಮೆತ್ತಗಿರೋದು ನೋಡಿ ಎರಡು ಹಾಕೋದು ಕಣಪ್ಪ! ತುಪ್ಪ ಎಲ್ಲಿ?"

ಇಂಥ ಅತ್ತೆಯ ಕಣ್ಣಿಗೆ ಪೊರೆ ಬಂತು. ಅವರ ಭಾಷೆಯಲ್ಲಿ, ಲೈಟಾಗಿ ಮಂಜು. ಎಷ್ಟು ಲೈಟು ಅಂತೀರಾ? ಸೀರೆ ಅಂಗಡಿಯ ಬಾಗಿಲಲ್ಲಿ ರೇಷ್ಮೆ ಉಡಿಸಿ ನಿಲ್ಲಿಸಿದ್ದ ಗೊಂಬೆಯನ್ನು "ಚೆನ್ನಾಗಿದ್ದೀರಾ? ಮಕ್ಕಳೆಲ್ಲ ಹೇಗಿದ್ದಾರೆ?" ಎಂದು ವಿಚಾರಿಸಿದರು. ಉತ್ತರ ಬರಲಿಲ್ಲ. ಆಟೊ ಹತ್ತಿದ ಮೇಲೆ ನನ್ನ ಕಿವಿಯಲ್ಲಿ, "ಆ ಹೆಂಗಸಿಗೆ ಲೈಟಾಗಿ ಜಂಬ ಕಣೇ" ಅಂದರು.

ಡಾಕ್ಟರು ಆಪರೇಷನ್ ಆಗಲೇಬೇಕು ಅಂದಿದ್ದರು. ಅತ್ತೆ ಒಪ್ಪಲಿಲ್ಲ. ಹೆದರಿಕೆಯಿರಬಹುದು ಎಂದುಕೊಂಡು, ಧೈರ್ಯ ಹೇಳೋಣವೆಂದು ಒಂದು ಸಂಜೆ ಹೋದೆ. ಅತ್ತೆ, ಮಾವ ಇಬ್ಬರೂ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾವನದು ಮಾತು ಕಮ್ಮಿ. ಅತ್ತೆ ಹೇಳಿದ್ದಕ್ಕೆಲ್ಲ "ಇರ್ಲಿ ಬುಡು" ಎನ್ನುವುದೇ ಅವರ ಪಾಲಿನ ಸಂಭಾಷಣೆ. ದೂರದಲ್ಲಿ ಚಾಮುಂಡಿ ಬೆಟ್ಟದ ದೀಪಗಳು ಆಗ ತಾನೇ ಹತ್ತಿಕೊಳ್ಳುತ್ತಿದ್ದವು.

"ಬೆಟ್ಟದ ಲೈಟು ನಿನಗೆ ಹೆಂಗೆ ಕಾಣುತ್ತೆ ಹೇಳು" ಅಂದರು ಅತ್ತೆ.

"ಸಾಲಾಗಿ, ಚುಕ್ಕಿ ಚುಕ್ಕಿ."

"ಅಯ್ಯೋ ಪಾಪ! ನನಗೆ ಒಂದೊಂದೂ ಸೇವಂತಿಗೆ ಥರ ಅರಳ್ಕೊಂಡು ಕಾಣುತ್ತೆ ಕಣೇ. ಬೆಟ್ಟ ಇರೋದೇ ಇಲ್ಲ. ಬರೀ ಹೂವು, ಆಕಾಶದಲ್ಲಿ ತೇಲ್ತಾ ಇರುತ್ತೆ. ಇದನ್ನ ಕತ್ತರಿಸಿ ತೆಗೆಸ್ಕೋ ಅಂತೀರಲ್ಲ ನೀವೆಲ್ಲ!"

ಧೈರ್ಯ ಹೇಳಲು ಹೋದವಳು ಕಣ್ಣು ಕಿರಿದು ಮಾಡಿಕೊಂಡು ಬೆಟ್ಟವನ್ನೇ ನೋಡುತ್ತ ಕೂತೆ. ರೆಪ್ಪೆ ಇನ್ನಷ್ಟು ಮುಚ್ಚಿದಾಗ ದೀಪಗಳ ಅಂಚು ಕರಗಿ, ಒಂದಕ್ಕೊಂದು ಕೂಡಿಕೊಂಡು, ಒಂದು ಗಳಿಗೆ ನನಗೂ ಹೂವು ಕಂಡಂತಾಯಿತು. ಗಾಳಿ ತಣ್ಣಗಿತ್ತು. ಕೆಳಗೆ ಯಾರ ಮನೆಯಲ್ಲೋ ಒಗ್ಗರಣೆ ಸಿಡಿಯುತ್ತಿತ್ತು. ಬಂದ ಕೆಲಸ ಮರೆತು ಮನೆಗೆ ಹೊರಟೆ.

ಮುಂದಿನ ವಾರವೇ ಅದು ನಡೆಯಿತು. ಸಂಜೆ ಮಾವನ ಜೊತೆ ಮೊಸರು ತರಲು ಹೋದ ಅತ್ತೆ, ಮಾವ ಚಿಲ್ಲರೆ ಎಣಿಸುವಷ್ಟರಲ್ಲಿ ರಸ್ತೆಯ ನಡುವೆ ಹೋಗಿ ನಿಂತುಬಿಟ್ಟಿದ್ದರು. ಎದುರಿನಿಂದ ಬಂದ ಸ್ಕೂಟರು ಕಿರ್ರೆಂದು ಪಕ್ಕಕ್ಕೆ ತಿರುಗಿ ಮೋರಿಯ ಕಲ್ಲಿಗೆ ತಗುಲಿ ನಿಂತಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ.

"ಲೈಟ್ ಹಾಕ್ಕೊಂಡೇ ಬಂದೆ ಕಣಮ್ಮ, ಕಾಣಿಸ್ಲಿಲ್ವಾ?" ಎಂದು ಸವಾರ ಕೂಗಿದ.

"ಕಾಣಿಸ್ತು ಕಣಪ್ಪ" ಅಂದರಂತೆ ಅತ್ತೆ. "ಎಷ್ಟು ದೊಡ್ಡದಾಗಿ ಅರಳಿತ್ತು ಅಂತ ನೋಡ್ತಾ ನಿಂತುಬುಟ್ಟೆ!"

ಮಾವ ಮೊಸರಿನ ಪೊಟ್ಟಣವನ್ನು ಅಲ್ಲೇ ಬಿಟ್ಟು ಓಡಿಬಂದು ಅತ್ತೆಯ ತೋಳು ಹಿಡಿದುಕೊಂಡರು. ಜೀವಮಾನದಲ್ಲಿ ಮೊದಲ ಸಲ ಅವರು "ಇರ್ಲಿ ಬುಡು" ಅನ್ನಲಿಲ್ಲ. "ಸಾಕು ಕಣೇ. ನಾಳೆನೇ ಆಸ್ಪತ್ರೆಗೆ ಹೋಗೋಣ" ಅಂದರು. ಅತ್ತೆ ಎದುರಾಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ಒಳಗೆ ಬಂದವರೇ ಕನ್ನಡಕ ತೆಗೆದು ತನಿಖೆ ಶುರು ಮಾಡಿದರು. ಫ್ಯಾನಿನ ಮೇಲೆ ಧೂಳು! ಮೂಲೆಯಲ್ಲಿ ಜೇಡರಬಲೆ!

"ಗೋಡೆಗೆ ಈ ಗಿಣಿ ಹಸಿರು ಯಾರು ಹೊಡೆಸಿದ್ದು?"

"ನೀವೇ ಅತ್ತೆ. ಹೋದ ದೀಪಾವಳಿಗೆ. ಲೈಟ್ ಕಲರ್ ಅಂತ ಹೇಳಿ."

ನಾನು ನಕ್ಕೆ, ಅತ್ತೆಯೂ ನಕ್ಕರು. ಅಷ್ಟರಲ್ಲಿ ಮಾವ ಅಡುಗೆಮನೆಯಿಂದ ಕಾಫಿ ತಂದು ಅತ್ತೆಯ ಮುಂದೆ ಹಿಡಿದರು. ಲೋಟಕ್ಕೆ ಕೈ ಚಾಚಿದ ಅತ್ತೆಯ ನಗು ಹಾಗೇ ನಿಂತುಹೋಯಿತು.

"ಇದೇನ್ರೀ... ಇಷ್ಟೊಂದು ಸೊರಗಿ ಹೋಗಿದ್ದೀರಲ್ಲ!"

ಮಾವ ಅಂಗಿಯ ಕಾಲರು ಸರಿಮಾಡಿಕೊಂಡರು. ಅದು ಕುತ್ತಿಗೆಗೆ ದೊಡ್ಡದಾಗಿತ್ತು. "ವಯಸ್ಸಾಯ್ತಲ್ಲ" ಅಂದರು.

"ಯಾವಾಗ ಆಯ್ತು? ನನಗ್ಯಾಕೆ ಹೇಳಲಿಲ್ಲ?"

"ಇದನ್ನೂ ಹೇಳ್ತಾರಾ?"

ಅತ್ತೆ ಲೋಟ ತೆಗೆದು ಕೆಳಗಿಟ್ಟು, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕೆನ್ನೆಯ ಗುಳಿ, ಹುಬ್ಬಿನ ಬಿಳಿ ಕೂದಲು, ಸರಿಯಾಗಿ ಕ್ಷೌರವಾಗದೆ ಉಳಿದ ಗಲ್ಲದ ಗಡ್ಡ, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ನಾನು ಅಲ್ಲಿದ್ದೇನೆ ಎಂಬುದೇ ಅವರಿಗೆ ಮರೆತಿತ್ತು.

"ಹಂಗೆ ನೋಡಬೇಡ ಕಣೇ, ನಾಚ್ಕೆ ಆಗುತ್ತೆ" ಅಂದರು ಮಾವ.

ಅತ್ತೆ ಕಣ್ಣು ತೆಗೆಯಲಿಲ್ಲ.