ಕೆಂಪು ಕಾರಿಗೊಂದು ಸೂಪರ್‌ಚಾರ್ಜರ್

ಮನುಷ್ಯನ ಹೊಟ್ಟೆ ಉರಿಯಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ಹಿಂದಿನಿಂದ ಬಂದ ಬಸ್ಸೊಂದು ಹಾರ್ನ್ ಹೊಡೆದು ಮುಂದೆ ಹೋದರೆ ಸಾಕು. ಅದೇ ಬಸ್ಸು ಒಂದೇ ಬೆಳಿಗ್ಗೆ ಎರಡೆರಡು ಸಲ ಹಾಗೆ ಮಾಡಿದರೆ ಎಂಥ ಸಾಧುವಿಗೂ ತಲೆ ಕೆಡುತ್ತದೆ. ನಾನಂತೂ ಸಾಧುವಲ್ಲ, ಕುಂದಾಪುರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡವನು. ಮನೆ ಬೈಂದೂರಿನಲ್ಲಿ. ಮುಂಬಯಿಯಲ್ಲಿ ಹೋಟೆಲು ನಡೆಸುವ ನನ್ನ ಭಾವ, ಹತ್ತಿ ಇಳಿಯುವಾಗ ಸೊಂಟ ಹಿಡಿಯುತ್ತದೆಂದು ತನ್ನ ಎರಡು ಬಾಗಿಲಿನ ಕೆಂಪು ರೇಸು ಕಾರನ್ನು ನನಗೆ ದಾಟಿಸಿದ ಮೇಲೆ ನಾನು ಅದರಲ್ಲೇ ಅಂಗಡಿಗೆ ಹೋಗಿಬರುತ್ತಿದ್ದೆ. ಅಲ್ಲಿಂದಲೇ ನನ್ನ ಶನಿಕಾಟ ಶುರುವಾದದ್ದು.

ಶನಿಯ ಹೆಸರು ಸುಧಾಕರ. ಉಡುಪಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ದಿನಾ ಬೆಳಿಗ್ಗೆ ಮರವಂತೆಯ ಹತ್ತಿರ, ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ ಇರುವ ಆ ನೇರ ರಸ್ತೆಯಲ್ಲಿ, ನನ್ನನ್ನು ಹಿಂದೆ ಹಾಕುತ್ತಿದ್ದ. ಮುಂದೆ ಯಾರೋ ಕೈ ಅಡ್ಡ ಹಿಡಿದರೆ ನಿಲ್ಲಿಸಿ, ಮೀನಿನ ಬುಟ್ಟಿ ಸಮೇತ ಹತ್ತಿಸಿಕೊಳ್ಳುತ್ತಿದ್ದ. ಆಗ ನಾನು ಮುಂದೆ ಹೋಗುತ್ತಿದ್ದೆ. ಎರಡು ನಿಮಿಷಕ್ಕೆ ಮತ್ತೆ ಅದೇ ಹಾರ್ನು, ಅದೇ ಬಸ್ಸು, ಈಗ ಕಿಟಕಿಯಲ್ಲಿ ಮೀನಿನ ಹೆಂಗಸಿನ ನಗುವೂ ಜೊತೆಗೆ. ಅಂಗಡಿಗೆ ಬಂದ ಗಿರಾಕಿಗಳು ಕುಕ್ಕರಿನ ಮುಚ್ಚಳ ತಿರುಗಿಸಿ ನೋಡುತ್ತಾ, “ಹ್ವಾಯ್, ನಿಮ್ ಕಾರಿಗೆ ಎಂತ ಜ್ವರವಾ? ಬಸ್ಸಂಗೆ ಕೂಕಂಡ್ ಕಂಡೆ” ಎನ್ನುತ್ತಿದ್ದರು. ರೇಸು ಕಾರಿನ ಮಾನ, ಅದರ ಜೊತೆಗೆ ನನ್ನದೂ, ಹೆದ್ದಾರಿಯ ಪಾಲಾಗುತ್ತಿತ್ತು.

ನನ್ನದೇನೂ ತಪ್ಪಿರಲಿಲ್ಲ. ನಾನು ವ್ಯಾಪಾರಸ್ಥ, ಪೆಟ್ರೋಲಿನ ಬೆಲೆ ಬಲ್ಲವನು. ಬೈಂದೂರಿನಲ್ಲಿ ಟಾಪ್ ಗೇರು ಹಾಕಿದರೆ ಕುಂದಾಪುರ ಬರುವ ತನಕ ಗೇರಿನ ತಂಟೆಗೆ ಹೋಗುವವನಲ್ಲ. ಇಳಿಜಾರು ಸಿಕ್ಕರೆ ನ್ಯೂಟ್ರಲ್ ಮಾಡಿ ದೇವರ ಮೇಲೆ ಭಾರ ಹಾಕುತ್ತೇನೆ. ಇಷ್ಟು ನಯವಾಗಿ ಸಾಕಿದರೂ ಕಾರು ಓಡುವುದಿಲ್ಲವೆಂದರೆ ಇಂಜಿನ್ನಿಗೇ ಏನೋ ಕಡಿಮೆಯಾಗಿದೆ ಎಂದು ತೀರ್ಮಾನಿಸಿದೆ. ಹಾಗೆ ಹುಡುಕುವಾಗ ಸಿಕ್ಕಿದ್ದು ಸೂಪರ್‌ಚಾರ್ಜರ್. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತಾ ಇಂಜಿನ್ನಿನ ಬಾಯಿಗೇ ಗಾಳಿ ತುರುಕುವ ಯಂತ್ರ.

ಆಯ್ಕೆ ಮಾಡಲು ಕುಳಿತ ಮೇಲೆ ತಿಳಿಯಿತು, ಮಗಳಿಗೆ ಗಂಡು ನೋಡುವುದೇ ಇದಕ್ಕಿಂತ ಸಲೀಸು. ಒಂದು ಜಾತಿಯ ಸೂಪರ್‌ಚಾರ್ಜರ್ ಕಿಟ್ಟು ಆಕ್ಸಿಲರೇಟರಿಗೆ ಕಾಲಿಟ್ಟ ಕೂಡಲೇ ದೂಡುತ್ತದಂತೆ, ಆದರೆ ಬಾನೆಟ್ ಕತ್ತರಿಸಬೇಕಂತೆ. ಇನ್ನೊಂದು ಬಾನೆಟ್ಟಿನೊಳಗೆ ಕೂರುತ್ತದಂತೆ, ಆದರೆ ಇಂಜಿನ್ ಚೆನ್ನಾಗಿ ಕೂಗುವವರೆಗೆ ಸುಮ್ಮನಿರುತ್ತದಂತೆ. ವಿಡಿಯೋದಲ್ಲಿ ಒಬ್ಬ ಮೊದಲನೆಯದನ್ನು ಹೊಗಳಿದರೆ ಇನ್ನೊಬ್ಬ ಅದನ್ನೇ ಕಸ ಎನ್ನುತ್ತಾನೆ. ಬ್ರಹ್ಮಾವರದ ಗ್ಯಾರೇಜಿನವರಿಗೆ ಫೋನು ಮಾಡಿದರೆ, “ಎರಡೂ ಆತ್ತ್ ಮಾರಾಯ್ರೆ, ನಿಮ್ಗೆ ಯಾವ್ದ್ ಬೇಕ್ ಹೇಳಿ” ಎಂದರು. ನನಗೆ ಯಾವುದು ಬೇಕೆಂದು ಗೊತ್ತಿದ್ದರೆ ಇವರಿಗೆ ಯಾಕೆ ಫೋನು ಮಾಡುತ್ತಿದ್ದೆ? ಮೂರು ಲೀಟರಿನ ಕುಕ್ಕರೋ ಐದು ಲೀಟರಿನದೋ ಎಂದು ಮಧ್ಯಾಹ್ನದವರೆಗೆ ಕುಳಿತು, ಕಡೆಗೆ ಒಂದು ಸೌಟು ಕೊಂಡು ಹೋಗುವ ಗಿರಾಕಿಗಳನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ, ಅಷ್ಟೂ ಶಾಪ ತಿರುಗಿ ನನಗೇ ತಟ್ಟಿತ್ತು.

ನನ್ನ ಹೆಂಡತಿ ಸುಮತಿಯ ತವರೂ ಬ್ರಹ್ಮಾವರದ ಕಡೆಯೇ. ಅವಳ ಅಪ್ಪ ಕಂಬಳದ ಕೋಣ ಸಾಕುವವರು. ಅವರಿಗೂ ವಿಷಯ ವಿವರಿಸಿದೆ. ಕಿವಿಗೊಟ್ಟು ಕೇಳಿ, ಎಲೆಯಡಿಕೆ ಒಂದು ಬದಿಗೆ ಸರಿಸಿ, “ಕಾಣಿ ಅಳಿಯಂದ್ರೆ, ಹುರುಳಿ ಹಾಕ್ರೆ ಸಾಕಾತ್ತಿಲ್ಲ. ಕೋಣನ ಹಿಂದೆ ಓಡುವನಿಗೂ ಕಾಲ್ ಇರ್ಕ್” ಎಂದರು. ಇಂಜಿನ್ನಿನ ಸೂಕ್ಷ್ಮ ಕೇಳಿದರೆ ಗದ್ದೆಯ ಮಾತಾಡುತ್ತಾರಲ್ಲ ಎಂದು ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಕಿಟ್ಟು ಬರುವ ಮೊದಲೇ ಇಂಜಿನ್ ಸವೆಯಬಾರದೆಂದು ಕಾರನ್ನು ಶೆಡ್ಡಿನಲ್ಲಿಟ್ಟು, ಬಟ್ಟೆ ಹೊದೆಸಿ, ನಾನು ಬಸ್ಸು ಹಿಡಿದೆ. ಬೇರೆ ಬಸ್ಸಿನ ಹೊತ್ತು ಹೊಂದದೆ ಸುಧಾಕರನ ಬಸ್ಸೇ ಗತಿಯಾಯಿತು. ಅವನ ಹಿಂದಿನ ಸೀಟಿನಲ್ಲೇ ಕುಳಿತು, “ಕಿಟ್ ಒಂದ್ ಬರ್ಲಿ, ಆಮೇಲ್ ಕಾಂಬ” ಎಂದು ದಿನಾ ಹೆದರಿಸುತ್ತಿದ್ದೆ. ಅವನು ಕನ್ನಡಿಯಲ್ಲೇ ನಗುತ್ತಿದ್ದ. ಮನೆಯಲ್ಲಿ ಸುಮತಿಯದು ಬೇರೆ ರಾಗ. “ಹ್ವಾಯ್, ಅದ್ ಕಾರಾ, ಅಟ್ಟದ್ ಮೇಲಿನ್ ತಾಮ್ರದ್ ಹಂಡೆಯಾ? ಅಪ್ಪಯ್ಯನ ಕೋಣಕ್ಕೆ ಹುರುಳಿ ಕೊಟ್ಟಿಕ್ ಬತ್ತೆ, ಕೀ ಕೊಡಿ” ಎಂದು ಒಂದು ಬೆಳಿಗ್ಗೆ ಕೇಳಿದಳು. ತವರಿನ ಜೀಪಿನಲ್ಲಿ ಹುಲ್ಲು ಹೇರಿ ಕಲಿತ ಕೈ ಅವಳದು, ಅಂಥ ಕೈಗೆ ರೇಸು ಕಾರು ಕೊಡುವುದುಂಟೇ? ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ಆ ದಿನ ಕಿಟ್ಟನ್ನು ಕಣ್ಣಾರೆ ನೋಡಿಯೇ ಬರೋಣವೆಂದು ಬ್ರಹ್ಮಾವರಕ್ಕೆ ಟಿಕೆಟ್ ತೆಗೆದು ಕುಳಿತೆ. ಕೀಲಿ ಎಂದಿನಂತೆ ದೇವರ ಕೋಣೆಯ ಮೊಳೆಯಲ್ಲೇ ಇತ್ತು.

ಮರವಂತೆ ಬಂತು. ಸುಧಾಕರ ಉಮೇದಿನಲ್ಲಿದ್ದ. ಹಿಂದಿನಿಂದ ಯಾವುದೋ ಗಾಡಿ ಗೇರು ಇಳಿಸಿದ ಸದ್ದು ಕೇಳಿತು. ಆಮೇಲೆ ಆ ಇಂಜಿನ್ ಎದೆ ತುಂಬಿ ಕೂಗಿದ್ದು ಕೇಳಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ವಿಡಿಯೋಗಳಲ್ಲಿ ಮಾತ್ರ ಕೇಳಿದ್ದೆ. ಎರಡು ಬಾಗಿಲಿನ ಕೆಂಪು ಕಾರೊಂದು ಬಸ್ಸಿನ ಬಲಗಡೆಯಿಂದ ನೀಟಾಗಿ ಮುಂದೆ ಬಂದು, ಸಿಗ್ನಲ್ ಹಾಕಿ, ಎಡಕ್ಕೆ ಸರಿದು ಹೋಯಿತು. ಸ್ಟೇರಿಂಗಿನ ಹಿಂದೆ ಸುಮತಿ. ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಹುರುಳಿ ಚೀಲ. ಇವತ್ತಿನವರೆಗೆ ನನ್ನ ಕೈಯಲ್ಲಿ ಆಗದ ಕೆಲಸ, ಒಂದು ಕಿಟ್ಟೂ ಇಲ್ಲದೆ, ಚೀಲ ಸಮೇತ ಆಗಿಹೋಗಿತ್ತು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಕೈ ಮಾತ್ರ ನನ್ನನ್ನು ಕೇಳದೆ ಚಪ್ಪಾಳೆ ಹೊಡೆಯಿತು.

ಸುಧಾಕರ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವನ ಮುಖದಲ್ಲಿ ನಗುವಿರಲಿಲ್ಲ.

“ಅಯ್ಯಬ್ಯಾ! ಹ್ವಾಯ್, ಅದ್ ನಿಮ್ ಕಾರಲ್ದಾ? ಕಡೆಗೂ ಕಿಟ್ ಹಾಕ್ಸಿದ್ರಾ?”

“ಹಾಕ್ಸಿದೆ” ಎಂದೆ, ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಾ.

“ಯಾವೂರಿಂದ್ ಮಾರಾಯ್ರೆ?”

“ಬ್ರಹ್ಮಾವರದ್ದ್.”