ಸಾರಿನ ಪುಡಿಗೆ ನಾನಿಟ್ಟ ಕಾವಲು

ಡಬ್ಬಿಯ ಮುಚ್ಚಳ ತೆಗೆದಾಗ ಏನಾದರೊಂದು ಎಡವಟ್ಟು ಆಗದಿದ್ದರೆ ಅದು ನಮ್ಮ ಮನೆಯೇ ಅಲ್ಲ. ನಾವು ಮೈಸೂರಿನವರು. ಯಜಮಾನರ ಕೆಲಸದ ದೆಸೆಯಿಂದ ಕೇರಳಕ್ಕೆ ಬಂದೆವು. ಇಲ್ಲಿನ ತೇವಕ್ಕೆ ಉಪ್ಪು ನೀರಾಗುತ್ತೆ, ಧನಿಯಾಕ್ಕೆ ಬೂಷ್ಟು ಹಿಡಿಯುತ್ತೆ. ಹಾಳಾಗಿ ಹೋಗಲಿ ಅಂತ ಸುಮ್ಮನಿದ್ದೆ. ಆದರೆ ನಾವು ಕೊಚ್ಚಿಯಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅವಳು ಕೈಯಾರೆ ಹುರಿದು ಕಳಿಸಿದ್ದ ಸಾರಿನ ಪುಡಿ ಒಂದು ಡಬ್ಬಿ ಉಳಿದಿತ್ತು. ಅದು ಕೆಟ್ಟರೆ ಅಮ್ಮನ ಕೈರುಚಿ ಈ ಲೋಕದಲ್ಲೇ ಇಲ್ಲ. ಅವತ್ತಿನಿಂದ ನಾನು ಅದಕ್ಕೆ ಕಾವಲು ಕೂತೆ.

೧. ಗಂಟು

ಪುಡಿಗೆ ತೇವ ತಾಗದಿರಲಿ ಅಂತ ಯಜಮಾನರು ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಡಬ್ಬಿಯೊಳಗೆ ಇಟ್ಟರು. ಅವರು ವಿಜ್ಞಾನಿ, ನಾನು ಎದುರು ಮಾತಾಡಲಿಲ್ಲ. ತಿರುವನಂತಪುರಕ್ಕೆ ವರ್ಗವಾದಾಗ, ಕೊಚ್ಚಿ ಬಿಡುವ ಮುಂಚೆ ಅವರ ಮೇಲಧಿಕಾರಿಯನ್ನು ಪಾಲಾರಿವಟ್ಟಂನ ನಮ್ಮ ಫ್ಲಾಟಿಗೆ ಊಟಕ್ಕೆ ಕರೆದೆವು. ದೊಡ್ಡ ಮನುಷ್ಯರು ಅಂತ ಅಮ್ಮನ ಪುಡಿಯಲ್ಲೇ ಸಾರು ಮಾಡಿದೆ. ಅವಸರದಲ್ಲಿ ಗಂಟೂ ಪಾತ್ರೆಗೆ ಬಿದ್ದಿದೆ! ಬಡಿಸಿದಾಗ ಅದು ನೇರವಾಗಿ ಅವರ ಎಲೆಗೇ ಹೋಯಿತು.

ಅವರು ಗಂಟನ್ನು ಭಕ್ತಿಯಿಂದ ಎತ್ತಿ, ಅನ್ನದ ಮೇಲೆ ಚೆನ್ನಾಗಿ ಹಿಂಡಿಕೊಂಡು, "ಮಸಾಲೆ ಗಂಟು ಅಲ್ವಾ? ನಿಮ್ಮ ಕಡೆ ಪದ್ಧತಿ ಬಹಳ ಚೆನ್ನಾಗಿದೆ" ಎಂದರು.

ಅದು ಯಜಮಾನರ ಹಳೇ ಬನಿಯನ್ನಿನ ತುಂಡು ಅಂತ ನಾವಿಬ್ಬರೂ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

೨. ಬೆಣ್ಣೆಯ ಬಣ್ಣ

ಅಮ್ಮನ ಸಾರಿಗೆ ಮನೇಲಿ ಕಾಯಿಸಿದ ತುಪ್ಪದ ಒಗ್ಗರಣೆಯೇ ಆಗಬೇಕು. ಅದಕ್ಕೆ ಅಣ್ಣ ಮೈಸೂರಿನಿಂದ ಬೆಣ್ಣೆ ತಂದ. ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದವನೇ ಡಬ್ಬಿಯನ್ನು ಎದೆಗವಚಿಕೊಂಡು ಆಟೋ ಹತ್ತಿದ. ಮಾರನೇ ವಾರ ನಾವು ಮದುವೆಗೆಂದು ಊರಿಗೆ ಹೊರಡಬೇಕಿತ್ತು. ಬೆಣ್ಣೆಯನ್ನು ನೀರಲ್ಲಿ ಮುಳುಗಿಸಿಟ್ಟು, ಪಕ್ಕದ ಮನೆಯ ಚೇಚಿಗೆ ಕೀಲಿ ಕೊಟ್ಟು, "ಫ್ರೀಜರಿನಲ್ಲಿಟ್ಟಿರೋ ಸಾರಿನ ಪುಡಿ ಮಾತ್ರ ಮುಟ್ಟಬೇಡಿ. ಬೆಣ್ಣೆಯ ನೀರು ದಿನಾ ಬದಲಾಯಿಸಿ" ಅಂತ ಹೇಳಿದ್ದೆ.

ಬಂದು ನೋಡಿದರೆ ಪುಡಿ ಹಾಗೇ ಇದೆ. ಬೆಣ್ಣೆ ಮಾತ್ರ ಕರಗಿ, ಮತ್ತೆ ಗಟ್ಟಿಯಾಗಿ, ಗುಲಾಬಿ ಬಣ್ಣಕ್ಕೆ ತಿರುಗಿದೆ. ಇಲ್ಲಿಯವರು ಪದಿಮುಖದ ಚಕ್ಕೆ ಹಾಕಿ ಕುದಿಸಿದ ಕೆಂಪು ನೀರು ಕುಡಿಯುತ್ತಾರಲ್ಲ, ಚೇಚಿ ದಿನಾ ಅದನ್ನೇ ಬಿಸಿಬಿಸಿಯಾಗಿ ಹೊಯ್ದಿದ್ದಾರೆ.

"ಅಯ್ಯೋ ಚೇಚಿ, ನಲ್ಲಿ ನೀರು ಸಾಕಿತ್ತಲ್ಲ!"

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. "ಕುದಿಸದ ನೀರಾ? ಹೊಟ್ಟೆಗೆ ಹೋಗೋ ಪದಾರ್ಥಕ್ಕಾ? ಮಗಳಿರೋ ಮನೆ, ಸ್ವಲ್ಪ ಜವಾಬ್ದಾರಿ ಬೇಡವಾ?"

ನಾನೇ ಕ್ಷಮೆ ಕೇಳಿದೆ.

೩. ಕೊನೆಯ ಚಮಚ

ಅಮ್ಮನ ವರ್ಷದ ತಿಥಿಯನ್ನು ಅಣ್ಣ ಮೈಸೂರಿನಲ್ಲಿ ಮಾಡಿದ. ನಮಗೆ ಹೋಗಲಾಗಲಿಲ್ಲ. ಮನೆಯಲ್ಲೇ ಕೊನೆಯ ಚಮಚ ಪುಡಿ ಹಾಕಿ ಸಾರು ಮಾಡಿದೆ. ಒಂದು ತುತ್ತು ಬಾಯಿಗಿಟ್ಟಿದ್ದೇ ತಡ, ಅಳು ಉಕ್ಕಿ ಬಂತು. "ಇದೇ ಅಮ್ಮನ ಕೈ. ಇನ್ನು ಯಾವ ಜನ್ಮಕ್ಕೂ ಸಿಗಲ್ಲ" ಅಂದೆ.

ಯಜಮಾನರು ತಲೆ ತಗ್ಗಿಸಿದರು. ಹನ್ನೊಂದನೇ ಕ್ಲಾಸಿನ ಮಗಳು ಮಲಯಾಳದಲ್ಲಿ, "ಅಮ್ಮೇ, ಅದು ಪಂಡೇ ತೀರ್ನ್ನು" ಅಂದಳು. ಅದು ಎಂದೋ ಮುಗಿದುಹೋಗಿತ್ತಂತೆ!

ಓಣಂ ರಜೆಯಲ್ಲಿ ನಾನೊಬ್ಬಳೇ ಅಣ್ಣನ ಮನೆಗೆ ಹೋಗಿದ್ದಾಗ ಕರೆಂಟ್ ಹೋಗಿ, ಫ್ರೀಜರಿನ ನೀರೆಲ್ಲ ಡಬ್ಬಿಗೆ ಇಳಿದು ಪುಡಿ ಕೆಟ್ಟಿತ್ತು. ಅಪ್ಪ ಮಗಳು ಹೆದರಿ ಚಾಲೈ ಪೇಟೆಯೆಲ್ಲ ಅಲೆದು ಸಾಮಾನು ತಂದರಂತೆ. ಅವಳೇ ಹುರಿದು ಪುಡಿ ಮಾಡಿ, ಅದೇ ಡಬ್ಬಿಗೆ ತುಂಬಿಟ್ಟಳಂತೆ. ಇಷ್ಟು ದಿನ ನಾನು ಕಾವಲು ಕಾದದ್ದು ಅವಳ ಪುಡಿಗೆ.

"ಅಳತೆ ಯಾರು ಹೇಳಿದ್ರೇ ನಿನಗೆ?"

"ಅಜ್ಜಿ. ಅವರಿದ್ದಾಗ ರಜೆಗೆ ಹೋಗಿದ್ನಲ್ಲ, ಆಗ ಕೇಳಿ ಬರ್ಕೊಂಡೆ."

ನನಗೆ ನಾಚಿಕೆಯಾಯಿತು. ಅಮ್ಮನಿಂದ ಡಬ್ಬಿ ಬರುತ್ತಲೇ ಇತ್ತು, ಅಳತೆಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ನೋಟ್‌ಬುಕ್ ಇಸಿದುಕೊಂಡೆ. ಅವಳಿಗೆ ಕನ್ನಡ ಬರೆಯಲು ಬರುವುದಿಲ್ಲ. ಅಮ್ಮನ ಕನ್ನಡದ ಮಾತನ್ನೆಲ್ಲ ಮಲಯಾಳದ ಲಿಪಿಯಲ್ಲಿ ಬರೆದಿದ್ದಳು. ನನಗೆ ಒಂದಕ್ಷರವೂ ಓದಲಾಗಲಿಲ್ಲ.

"ಓದೇ, ಅಜ್ಜಿ ಹೇಳಿದ ಹಾಗೇ ಓದು" ಅಂದೆ.

ಅವಳು ಅಪ್ಪನ ಮುಖ ನೋಡಿ ಓದಿದಳು: "ಇದನ್ನ ನಿಮ್ಮಮ್ಮನ ಕೈಗೆ ಕೊಡಬೇಡ ಕಣೇ. ಅವಳಿಗೆ ತಾಳ್ಮೆ ಇಲ್ಲ, ಎಲ್ಲಾ ಸೀಯಿಸಿಬಿಡ್ತಾಳೆ."